ಮೊದಲು ಅಕ್ವೇರಿಯಂಗೆ ಮುಚ್ಚಳ ಹಾಕಿ, ಆಮೇಲೆ ಪೇಂಟರನ್ನು ಕರೆಯಿರಿ

ಮಾನ್ಯ ಸಂಪಾದಕರೆ,

ಚಳಿ ಶುರುವಾಯಿತೆಂದರೆ ತುಮಕೂರಿನ ಹೊಸ ಬಡಾವಣೆಗಳ ಮನೆಗಳಲ್ಲಿ ಒಂದೇ ಥರದ ಗೊಣಗಾಟ. ಉತ್ತರದ ಗೋಡೆ ಬೂಷ್ಟು ಹಿಡಿದಿದೆ, ಬೆಳಿಗ್ಗೆ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿದೆ, ಬೀರು ಸರಿಸಿದರೆ ಹಿಂದೆ ಕಪ್ಪು ಚುಕ್ಕೆ. ಪೇಂಟರ್ ಬಂದು ನೋಡಿ ವಾಟರ್‌ಪ್ರೂಫಿಂಗ್‌ಗೆ ಇಷ್ಟಾಗುತ್ತದೆ ಎಂದು ಲೆಕ್ಕ ಬರೆದುಕೊಡುತ್ತಾರೆ. ಅದೇ ಹಾಲ್‌ನ ಮೂಲೆಯಲ್ಲಿ ಆರಡಿಯ ಅಕ್ವೇರಿಯಂ ಒಂದು ಮುಚ್ಚಳವಿಲ್ಲದೆ ಹಗಲೂ ರಾತ್ರಿ ಗುಳುಗುಳು ಎನ್ನುತ್ತಿರುತ್ತದೆ. ಅದರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ದೊಡ್ಡ ತೊಟ್ಟಿಗಳನ್ನು ಕಟ್ಟಿ ಕೂರಿಸುವವರಾಗಿ ನಮಗೆ ತಿಳಿದ ಲೆಕ್ಕವನ್ನು ಓದುಗರ ಮುಂದಿಡುತ್ತಿದ್ದೇವೆ.

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಎಂದರೆ 24 ಘನ ಅಡಿ, ಸುಮಾರು 680 ಲೀಟರ್. ತೇವದ ವಿಚಾರಕ್ಕೆ ಬಂದರೆ ಈ ಲೀಟರ್ ಲೆಕ್ಕ ಮುಖ್ಯವಲ್ಲ, ಗಾಳಿಗೆ ತೆರೆದುಕೊಂಡ ನೀರಿನ ಮೈ ಎಷ್ಟು ಅನ್ನುವುದು ಮುಖ್ಯ. ಇಲ್ಲಿ ಅದು 12 ಚದರಡಿ, ಅಂದರೆ 1.1 ಚದರ ಮೀಟರ್. ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 11 ಲೀಟರ್ ಆವಿಯಾಗಿ ಮನೆಯೊಳಕ್ಕೆ ಸೇರಿತು ಎಂದರ್ಥ. ತೆರೆದ ತೊಟ್ಟಿಯಲ್ಲಿ ದಿನಕ್ಕೆ ಮೂರು ಮಿಲಿಮೀಟರ್ ಇಳಿಯುವುದು ದೊಡ್ಡ ಮಾತಲ್ಲ. ಅದೇ 3.3 ಲೀಟರ್ ಆಯಿತು. ಈಗ ಕೋಣೆಯ ಕಡೆ ನೋಡಿ. 12x14 ಅಡಿ, ಎತ್ತರ ಹತ್ತಡಿ ಇದ್ದರೆ ಅದರಲ್ಲಿರುವ ಗಾಳಿ 48 ಘನ ಮೀಟರಿಗಿಂತ ಕೊಂಚ ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ಆವಿ ಹೊರಬಲ್ಲದು. ಇಡೀ ಕೋಣೆಯ ಗಾಳಿಯನ್ನು ಹಿಂಡಿದರೂ 1.1 ಲೀಟರ್ ದಾಟುವುದಿಲ್ಲ. ಅದರ ಮೂರು ಪಟ್ಟನ್ನು ತೊಟ್ಟಿ ದಿನವೂ ಸುರಿಯುತ್ತಿದೆ. ಕಿಟಕಿ, ಬಾಗಿಲ ಸಂದಿಗಳಲ್ಲಿ ಹೊರಗೆ ಹೋದಷ್ಟು ಹೋಯಿತು. ಉಳಿದದ್ದು ಮನೆಯಲ್ಲಿ ಯಾವುದು ಎಲ್ಲಕ್ಕಿಂತ ತಣ್ಣಗಿದೆಯೋ ಅದನ್ನು ಹುಡುಕಿಕೊಂಡು ಹೋಗಿ ಅಂಟುತ್ತದೆ. ಕೋಣೆ 24 ಡಿಗ್ರಿ ಇದ್ದು ಆರ್ದ್ರತೆ ಶೇ 75 ಇದ್ದರೆ, 19 ಡಿಗ್ರಿಗೆ ಇಳಿದ ಯಾವ ಗಾಜೂ ಗೋಡೆಯೂ ಬೆವರುತ್ತದೆ. ಡಿಸೆಂಬರ್, ಜನವರಿಯ ನಮ್ಮ ರಾತ್ರಿಗಳು ಇದಕ್ಕಿಂತ ತಣ್ಣಗಿರುತ್ತವೆ. ನಂದಿಬೆಟ್ಟದ ಬುಡದ ಚಿಕ್ಕಬಳ್ಳಾಪುರದ ಕಡೆ ಕೇಳುವುದೇ ಬೇಡ.

ನಿಮ್ಮ ತೊಟ್ಟಿಯ ಲೆಕ್ಕ ತಿಳಿಯಲು ಯಂತ್ರವೇನೂ ಬೇಡ. ನೀರಿನ ಮಟ್ಟಕ್ಕೆ ಸರಿಯಾಗಿ ಹೊರಗಾಜಿಗೆ ಒಂದು ಟೇಪ್ ತುಂಡು ಅಂಟಿಸಿ, ಏಳು ದಿನ ನೀರು ಬದಲಿಸದೆ, ಸೇರಿಸದೆ ಬಿಡಿ. ಎಂಟನೆಯ ದಿನ ಅದೇ ಹೊತ್ತಿಗೆ, ಫಿಲ್ಟರ್ ಓಡುತ್ತಿರುವಾಗಲೇ, ಎಷ್ಟು ಮಿಲಿಮೀಟರ್ ಇಳಿದಿದೆ ಎಂದು ಸ್ಕೇಲ್ ಹಿಡಿದು ನೋಡಿ. ಫಿಲ್ಟರ್ ನಿಲ್ಲಿಸಿ ಅಳೆದರೆ ಪೈಪಿನಲ್ಲಿದ್ದ ನೀರು ತೊಟ್ಟಿಗೆ ಇಳಿದು ಲೆಕ್ಕ ತಪ್ಪುತ್ತದೆ. ಇಳಿದ ಮಿಲಿಮೀಟರನ್ನು ತೊಟ್ಟಿಯ ಚದರ ಮೀಟರಿನಿಂದ ಗುಣಿಸಿದರೆ ನೇರವಾಗಿ ಲೀಟರ್ ಸಿಗುತ್ತದೆ.

ಜೊತೆಗೆ ಗಾಳಿಯ ಆರ್ದ್ರತೆ ಅಳೆಯುವ ಒಂದು ಡಿಜಿಟಲ್ ಹೈಗ್ರೊಮೀಟರ್ ಇದ್ದರೆ ಒಳ್ಳೆಯದು. ಆದರೆ ಅಗ್ಗದ ಮೀಟರನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಮುದ್ದೆಯಂತೆ ಕಲಸಿ; ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಹನ್ನೆರಡು ಗಂಟೆ ಇಡಿ. ಮೀಟರ್ 75 ತೋರಿಸಬೇಕು. 69 ತೋರಿಸಿದರೆ ಆರು ಕಡಿಮೆ ಹೇಳುತ್ತದೆ ಎಂದು ಅದರ ಬೆನ್ನಿಗೆ ಬರೆದಂಟಿಸಿ. ಮನೆಯೊಳಗೆ 45ರಿಂದ 60ರವರೆಗೆ ಇದ್ದರೆ ನಿಶ್ಚಿಂತೆ. 70ರ ಮೇಲೆ ದಿನಗಟ್ಟಲೆ ನಿಂತರೆ ಚಪ್ಪಲಿ, ರೇಷ್ಮೆ ಸೀರೆ, ದೇವರ ಫೋಟೋದ ಹಿಂದಿನ ರಟ್ಟು, ಎಲ್ಲಕ್ಕೂ ಬೂಷ್ಟು ಬರುತ್ತದೆ.

ಆದರೂ ಗೋಡೆ ನಿಜವಾಗಿ ಸೋರುತ್ತಿದ್ದರೆ? ಅದಕ್ಕೂ ಮನೆಯಲ್ಲೇ ಪರೀಕ್ಷೆ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಒಂದಡಿ ಚೌಕಕ್ಕೆ ಕತ್ತರಿಸಿ, ಒದ್ದೆ ಜಾಗವನ್ನು ಬಟ್ಟೆಯಿಂದ ಒರೆಸಿ ಒಣಗಿಸಿದ ಮೇಲೆ ಅಲ್ಲಿಟ್ಟು, ನಾಲ್ಕೂ ಅಂಚಿಗೆ ಟೇಪ್ ಹೊಡೆಯಿರಿ. ಎರಡು ದಿನ ಕಳೆದ ಮೇಲೆ ನೋಡಿ. ಕೋಣೆಯ ಕಡೆಯ ಮುಖ ಒದ್ದೆಯಾಗಿದ್ದರೆ ಅದು ಒಳಗಿನ ಆವಿ. ಬಿಚ್ಚಿದಾಗ ಗೋಡೆಯ ಕಡೆಯ ಮುಖ ಒದ್ದೆಯಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಪುಟ್ಟಿ ಉಬ್ಬಿ, ಬಿಳಿ ಉಪ್ಪು ಹೊಮ್ಮಿದ್ದರೂ ಹಾಗೆಯೇ, ಅದು ಸೋರಿಕೆಯ ಗುರುತು. ಆಗ ಪೇಂಟರನ್ನೇ ಕರೆಯಿರಿ, ಮೀನಿನ ಮೇಲೆ ತಪ್ಪು ಹೊರಿಸಬೇಡಿ. ಈ ಐದು ರೂಪಾಯಿಯ ಪರೀಕ್ಷೆ ಮಾಡದೆ ವಾಟರ್‌ಪ್ರೂಫಿಂಗ್ ಲೆಕ್ಕ ಬರೆದುಕೊಡುವುದು ಸರಿಯಲ್ಲ ಎಂದು ಆ ಕೆಲಸದವರಿಗೂ ಈ ಮೂಲಕ ಹೇಳುತ್ತಿದ್ದೇವೆ.

ಆವಿಯೇ ಎಂದು ಖಚಿತವಾದರೆ ಮೊದಲ ಮದ್ದು ಮುಚ್ಚಳ. ಇತ್ತೀಚೆಗೆ ಅಂಚುಪಟ್ಟಿಯಿಲ್ಲದ, ಮೇಲೆ ಪೂರಾ ತೆರೆದ ತೊಟ್ಟಿಗಳೇ ಫ್ಯಾಷನ್. ನೋಡಲು ಚೆಂದ, ಒಪ್ಪುತ್ತೇವೆ. ಅದೇ ತೊಟ್ಟಿಯಲ್ಲಿ ಡಿಸ್ಕಸ್ ಮೀನು ಸಾಕುವುದಾದರೆ ನೀರು 29 ಡಿಗ್ರಿ ಇರಬೇಕು. 20 ಡಿಗ್ರಿಯ ಕೋಣೆಯಲ್ಲಿ 29 ಡಿಗ್ರಿಯ ನೀರು, 20 ಡಿಗ್ರಿಯಲ್ಲೇ ಸುಖವಾಗಿರುವ ಗೋಲ್ಡ್ ಫಿಶ್ ತೊಟ್ಟಿಯ ಎರಡೂವರೆ ಪಟ್ಟಿಗೂ ಹೆಚ್ಚು ಆವಿ ಬಿಡುತ್ತದೆ. ಬಿಸಿ ನೀರಿನ ಮೀನು ಬೇಕೆನ್ನುವವರು ತೆರೆದ ತೊಟ್ಟಿಯ ಆಸೆ ಬಿಡುವುದು ಒಳ್ಳೆಯದು.

ಮುಚ್ಚಳಕ್ಕೆ ಸಾದಾ ಗಾಜೇ ಸರಿ. ಅಕ್ರಿಲಿಕ್ ಶೀಟ್ ಹಗುರ ಎಂದು ತರುತ್ತಾರೆ. ಅದು ಕೆಳಮೈಯಲ್ಲಿ ತೇವ ಹೀರಿ, ಮೇಲ್ಮೈ ಒಣಗಿದ್ದು, ಕೆಲವೇ ವಾರಗಳಲ್ಲಿ ಹಪ್ಪಳದಂತೆ ಅಂಚು ಮೇಲೆತ್ತಿಕೊಳ್ಳುತ್ತದೆ. ಆರಡಿ ತೊಟ್ಟಿಗೆ ಸಾಮಾನ್ಯವಾಗಿ ನಡುವೆ ಅಡ್ಡಪಟ್ಟಿ ಇರುತ್ತದೆ, ಹಾಗಾಗಿ ಬಾಯಿ ಎರಡಾಗಿರುತ್ತದೆ. ಒಂದೊಂದು ಬಾಯಿಗೂ ಮುಂದೊಂದು, ಹಿಂದೊಂದು, ಒಟ್ಟು ನಾಲ್ಕು ತುಂಡು ಮಾಡಿಸಿ. 4 ಮಿ.ಮೀ. ಗಾಜು ಚದರ ಮೀಟರಿಗೆ ಹತ್ತು ಕೆ.ಜಿ. ತೂಗುತ್ತದೆ. ನಾಲ್ಕು ತುಂಡಾದರೆ ಒಂದೊಂದೂ ಎರಡೂವರೆ ಕೆ.ಜಿ. ಸುಮಾರು, ಮೇವು ಹಾಕಲು ಮನೆಯಲ್ಲಿ ಯಾರು ಬೇಕಾದರೂ ಒಂದೇ ಕೈಯಲ್ಲಿ ಎತ್ತಬಹುದು. ಅರವಾನಾ ಇದ್ದರೆ ಮಾತ್ರ 5 ಮಿ.ಮೀ. ಹಾಕಿ, ಮೇಲೆ ಭಾರವನ್ನೂ ಇಡಿ, ಆ ಮೀನು ನೆಗೆಯುವುದರಲ್ಲಿ ಗಟ್ಟಿ. ಅಳತೆ ಕೊಡುವಾಗ ಬಾಯಿಯ ಅಳತೆಗಿಂತ ಪ್ರತಿ ಬದಿಗೂ ಮೂರು ಮಿಲಿಮೀಟರ್ ಕಡಿಮೆ ಕೊಡಿ, ಅಂಚು ಉಜ್ಜಿಸಿ ತನ್ನಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಮುಚ್ಚಳ ಕೂರಿಸುವಲ್ಲಿ. ತೊಟ್ಟಿಯ ಮೇಲಂಚಿನ ಮೇಲೆ, ಕಾಲಿಂಚು ಹೊರಕ್ಕೆ ಚಾಚುವಂತೆ ಗಾಜು ಮಲಗಿಸಿಬಿಡುತ್ತಾರೆ. ಆವಿ ಮುಚ್ಚಳದ ಅಡಿಗೆ ತಗುಲಿ ಹನಿಯಾಗುತ್ತದೆ. ಹನಿ ಹನಿಗೆ ಕೂಡಿ ಗಾಜಿನ ಅಡಿಮೈಯಲ್ಲೇ ಜಾರುತ್ತಾ ಅಂಚಿಗೆ ಬಂದು, ಅಲ್ಲಿಂದ ತೊಟ್ಟಿಯ ಹೊರಮೈ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ. ಇಳಿದದ್ದು ನಿಲ್ಲುವುದು ಸ್ಟ್ಯಾಂಡಿನ ಪ್ಲೈವುಡ್ ಅಂಚಿನಲ್ಲಿ. ಎರಡು ತಿಂಗಳಲ್ಲಿ ಅಲ್ಲಿಯ ಲ್ಯಾಮಿನೇಟ್ ಬಾಯಿ ಬಿಡುತ್ತದೆ, ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನಂತೆ ಕುಸಿಯುತ್ತದೆ. ಅದರ ಮೇಲೆ ಮುಕ್ಕಾಲು ಟನ್ ಭಾರ ಕೂತಿದೆ ಎನ್ನುವುದು ನೆನಪಿರಲಿ. ಆದ್ದರಿಂದ ಮುಚ್ಚಳ ಅಂಚಿನ ಒಳಗೆ ಕೂರಬೇಕು. ಒಳಗೋಡೆಗೆ, ಮೇಲಂಚಿನಿಂದ ಒಂದೂವರೆ ಸೆಂಟಿಮೀಟರ್ ಕೆಳಗೆ, ಒಂದಿಂಚು ಅಗಲದ ಗಾಜಿನ ಪಟ್ಟಿ ಅಂಟಿಸಿ ಅದರ ಮೇಲೆ ಕೂರಿಸಿ. ಹಿಂಬದಿಯ ಪಟ್ಟಿಯನ್ನು ಐದು ಮಿಲಿಮೀಟರ್ ತಗ್ಗಿಸಿದರೆ ಹನಿಗಳೆಲ್ಲ ಹಿಂದಕ್ಕೆ ಓಡಿ ತೊಟ್ಟಿಗೇ ಬೀಳುತ್ತವೆ, ಮುಂದಿನ ಗಾಜೂ ಶುಭ್ರವಾಗಿರುತ್ತದೆ.

ಅಂಟಿಸಲು ವಿನೆಗರ್ ವಾಸನೆ ಬರುವ ಸಾದಾ ಸಿಲಿಕಾನ್ ಬಳಸಿ. ಬಾತ್‌ರೂಮಿಗೆಂದು ಮಾರುವ ಬೂಷ್ಟು ನಿರೋಧಕ ಸಿಲಿಕಾನಿನಲ್ಲಿ ವಿಷ ಬೆರೆತಿರುತ್ತದೆ, ಬೂಷ್ಟಿಗೆ ಆಗದ್ದು ಮೀನಿಗೂ ಆಗದು. ಅಂಟಿಸುವ ಜಾಗ ಪೂರಾ ಒಣಗಿರಬೇಕು. ಹಚ್ಚಿದ ಮೇಲೆ ಎರಡು ದಿನ ನೀರು ತಾಗಬಾರದು. ಹಿಂಬದಿಯ ಉದ್ದಕ್ಕೂ ಒಂದಿಂಚು ಸಂದಿ ಬಿಟ್ಟು ಪೈಪು, ವೈರುಗಳನ್ನು ಅಲ್ಲಿಂದಲೇ ಇಳಿಸಿ. 12 ಚದರಡಿಯಲ್ಲಿ ಈ ಸಂದಿ ಅರ್ಧ ಚದರಡಿ ಮಾತ್ರ.

ಮುಚ್ಚಿದರೆ ಮೀನಿಗೆ ಉಸಿರು ಕಟ್ಟುವುದಿಲ್ಲವೇ ಎಂದು ಕೇಳುವವರು ಬಹಳ. ಆ ಒಂದಿಂಚು ಸಂದಿ ಇದ್ದು, ಫಿಲ್ಟರಿನ ನೀರು ಮೇಲ್ಮೈಯನ್ನು ಕದಡುತ್ತಿದ್ದರೆ ಕಟ್ಟುವುದಿಲ್ಲ. ಸಂದಿಯನ್ನೂ ಬಿಡದೆ ಟೇಪ್ ಹೊಡೆದು ಮುಚ್ಚಿದವರ ತೊಟ್ಟಿಯಲ್ಲಿ ಮಾತ್ರ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. ಗುಳ್ಳೆ ಬಿಡುವ ಏರ್ ಸ್ಟೋನನ್ನು ರಭಸವಾಗಿ ಬಿಡುವುದು ಬೇಡ. ಒಡೆಯುವ ಪ್ರತಿ ಗುಳ್ಳೆಯೂ ಸಣ್ಣ ತುಂತುರು ಎರಚುತ್ತದೆ. ಮುಚ್ಚಳದ ಮೇಲೆ, ಪಕ್ಕದ ಟಿವಿಯ ಮೇಲೆ ಬಿಳಿ ಪುಡಿ ಕೂರುವುದು ಅದರಿಂದಲೇ. ಆ ಬಿಳಿ ಪದರ ತೆಗೆಯಲು ಗಾಜನ್ನು ಸಿಂಕಿಗೊಯ್ದು ನಿಂಬೆ ಹೋಳಿನಿಂದ ಉಜ್ಜಿ ತೊಳೆದರೆ ಸಾಕು. ಸೋಪು ತಾಗಿಸಲೇಬೇಡಿ.

ಸರಿಯಾಗಿ ಕೂತ ಮುಚ್ಚಳದಿಂದ ಆವಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕರೆಂಟಿನ ಉಳಿತಾಯವೂ ಇದೆ. ಒಂದು ಲೀಟರ್ ನೀರು ಆವಿಯಾಗಲು 0.68 ಯೂನಿಟ್ ಶಾಖ ಬೇಕು. ಹೀಟರ್ ಓಡುವ ಚಳಿಗಾಲದಲ್ಲಿ 3.3 ಲೀಟರ್ ಎಂದರೆ ದಿನಕ್ಕೆ 2.2 ಯೂನಿಟ್ ಬರೀ ಹಬೆಗೆ ಹೋಗುತ್ತಿತ್ತು. ಮುಚ್ಚಳ ಹಾಕಿದ ಮೇಲೆ ಒಂದೂವರೆ ಯೂನಿಟ್ ಉಳಿಯುತ್ತದೆ.

ಇನ್ನು ಕಿಟಕಿ. ಹೊರಗೆ ಇಬ್ಬನಿ ಸುರಿಯುತ್ತಿದೆ, ಕಿಟಕಿ ತೆಗೆದರೆ ಥಂಡಿ ಒಳಗೆ ಬರುತ್ತದೆ ಎಂದು ಜನ ಚಳಿಗಾಲವಿಡೀ ಮುಚ್ಚಿಕೊಂಡು ಕೂರುತ್ತಾರೆ. ಆಗುವುದು ತದ್ವಿರುದ್ಧ. 16 ಡಿಗ್ರಿಯ, ಶೇ 90 ಆರ್ದ್ರತೆಯ ಹೊರಗಾಳಿಯಲ್ಲಿ ಘನ ಮೀಟರಿಗೆ ಇರುವುದು 12 ಗ್ರಾಂ ಆವಿ. 24 ಡಿಗ್ರಿ, ಶೇ 75ರ ಒಳಗಾಳಿಯಲ್ಲಿ 16 ಗ್ರಾಂ. ಮೈಗೆ ಹಸಿಹಸಿ ಎನಿಸುವ ಹೊರಗಾಳಿಯೇ ಒಣಗಿದ ಗಾಳಿ. ಒಳಗೆ ಬಂದು ಬೆಚ್ಚಗಾದಂತೆ ಅದು ಇನ್ನಷ್ಟು ತೇವ ಹೀರಿಕೊಳ್ಳುತ್ತದೆ. ಒಂದು ಘನ ಮೀಟರ್ ಹೊರಗೆ ಹೋಗಿ ಇನ್ನೊಂದು ಒಳಗೆ ಬಂದಾಗಲೆಲ್ಲ ನಾಲ್ಕು ಗ್ರಾಂ ಲಾಭ. ಗಂಟೆಗೆ 200 ಘನ ಮೀಟರ್ ಎಳೆಯುವ ಆರಿಂಚಿನ ಎಕ್ಸಾಸ್ಟ್ ಫ್ಯಾನ್ 3.3 ಲೀಟರನ್ನು ಹೊರಹಾಕಲು ನಾಲ್ಕು ಗಂಟೆ ಓಡಬೇಕು. ತೊಟ್ಟಿಗೆ ಮುಚ್ಚಳವಿದ್ದರೆ ಒಂದೇ ಗಂಟೆ. ಬೆಳಿಗ್ಗೆ ಅರ್ಧ ಗಂಟೆ, ಮಲಗುವ ಮುಂಚೆ ಅರ್ಧ ಗಂಟೆ ಸಾಕಾಗುತ್ತದೆ. ಆದರೆ ಎದುರು ಕಡೆ ಗಾಳಿ ಬರಲು ದಾರಿ ಇರಬೇಕು. ಎಲ್ಲ ಬಾಗಿಲು ಮುಚ್ಚಿ ಫ್ಯಾನ್ ಹಾಕಿದರೆ ರೆಕ್ಕೆ ತಿರುಗುತ್ತದೆ ಅಷ್ಟೇ.

ಹಳೆಯ ಚಪ್ಪಡಿ ಕಲ್ಲಿನ ಮನೆಗಳಲ್ಲಿ ಸೂರಿನ ಕೆಳಗೆ ಗವಾಕ್ಷಿ ಇರುತ್ತಿತ್ತು, ಒಲೆಯ ಹೊಗೆಯ ಜೊತೆ ತೇವವೂ ಅಲ್ಲಿಂದಲೇ ಹೋಗುತ್ತಿತ್ತು. ಈಗಿನ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಹಾಕಿಸಿದವರು ವೆಂಟಿಲೇಟರನ್ನೇ ಕೈಬಿಟ್ಟಿದ್ದಾರೆ. ಧೂಳು ಬರುವುದಿಲ್ಲ, ನಿಜ, ಒಳಗಿನದು ಹೊರಗೂ ಹೋಗುವುದಿಲ್ಲ.

ಮಳೆಗಾಲದಲ್ಲಿ ಈ ಉಪಾಯ ನಡೆಯದು. ಹೊರಗೆ 24 ಡಿಗ್ರಿ, ಶೇ 85 ಇದ್ದರೆ ಘನ ಮೀಟರಿಗೆ ಹದಿನೆಂಟೂವರೆ ಗ್ರಾಂ. ಒಳಗೂ ಅಷ್ಟೇ ಇರುತ್ತದೆ. ಕಿಟಕಿ ತೆಗೆದು ಗಳಿಸುವುದೇನೂ ಇಲ್ಲ. ಮುಚ್ಚಳ ಭದ್ರವಾಗಿಡಿ, ಒದ್ದೆ ಬಟ್ಟೆಯನ್ನು ತೊಟ್ಟಿಯಿರುವ ಕೋಣೆಯಲ್ಲಿ ಒಣಹಾಕಬೇಡಿ. ಒಂದು ಮೆಷಿನ್ ಬಟ್ಟೆಯಿಂದಲೇ ಎರಡು ಲೀಟರ್ ಸುಮಾರು ಆವಿ ಬರುತ್ತದೆ. ಆಮೇಲೂ ಮೀಟರ್ 70 ದಾಟಿದರೆ ಮಾತ್ರ ಗಾಳಿಯ ತೇವ ತೆಗೆಯುವ ಯಂತ್ರದ, ಅಂದರೆ ಡಿಹ್ಯುಮಿಡಿಫೈಯರ್‌ನ ಮಾತು. ಕೊಳ್ಳುವುದಾದರೆ ಕಂಪ್ರೆಸರ್ ಇರುವುದನ್ನೇ ಕೊಳ್ಳಿ. ಆನ್‌ಲೈನಿನಲ್ಲಿ ಸಿಗುವ ಚೊಂಬಿನ ಗಾತ್ರದ ಯಂತ್ರಗಳು ದಿನಕ್ಕೆ ಕಾಲು, ಅರ್ಧ ಲೀಟರ್ ಹಿಡಿದರೆ ಹೆಚ್ಚು. ಬೀರುವಿನಲ್ಲಿಡುವ ತೇವ ಹೀರುವ ಡಬ್ಬಿಗಳು ಬೀರುವಿಗೆ ಸರಿ, ಹಾಲ್‌ಗೆ ಸಾಲವು. ದೊಡ್ಡ ಯಂತ್ರದ ಮೇಲೆ ಬರೆದ ‘ದಿನಕ್ಕೆ 12 ಲೀಟರ್’ ಎನ್ನುವುದು ಸಾಮಾನ್ಯವಾಗಿ 30 ಡಿಗ್ರಿ, ಶೇ 80ರಲ್ಲಿ ಅಳೆದ ಲೆಕ್ಕ; 20 ಡಿಗ್ರಿಯ ಕೋಣೆಯಲ್ಲಿ ಅದರ ಅರ್ಧವೂ ಬರುವುದಿಲ್ಲ. ಅದು ಕೋಣೆಯನ್ನು ಬಿಸಿಯೂ ಮಾಡುತ್ತದೆ. ಅದರ ಬಕೆಟ್ಟಿನ ನೀರಾಗಲಿ, ಎಸಿಯ ನೀರಾಗಲಿ ಶುದ್ಧವಾಗಿ ಕಂಡರೂ ತೊಟ್ಟಿಗೆ ಹಾಕಬಾರದು, ಒಳಗಿನ ತಾಮ್ರದ ಕೊಳವೆ ತಾಗಿ ಬಂದಿರಬಹುದು.

ಬೇಸಿಗೆಯಲ್ಲಿ ಲೆಕ್ಕ ತಿರುವುಮುರುವು. ಮಾರ್ಚ್, ಏಪ್ರಿಲ್ ಮಧ್ಯಾಹ್ನದ ನಮ್ಮ ಗಾಳಿ ಎಷ್ಟು ಒಣ ಎಂದರೆ ತೊಟ್ಟಿಯ ಆವಿ ಮನೆಗೆ ಉಪಕಾರವೇ. ನೀರು ತಣ್ಣಗಿರುವುದೂ ಆ ಆವಿಯಿಂದಲೇ, ಮುಚ್ಚಳ ಹಾಗೇ ಇದ್ದರೆ ನೀರು ಎರಡು ಮೂರು ಡಿಗ್ರಿ ಏರಿ ಮೀನು ಸಂಕಟಪಡುತ್ತದೆ. ಯುಗಾದಿ ಹೊತ್ತಿಗೆ ಗಾಜು ತೆಗೆದು ಬಲೆ ಹಾಕಿ. ಮೃಗಶಿರ ಮಳೆ ಹಿಡಿದಾಗ ಮತ್ತೆ ಗಾಜು ಕೂರಿಸಿ.

ಇಳಿದ ನೀರಿಗೆ ಏನು ಹಾಕುತ್ತೀರಿ ಎನ್ನುವುದು ನಮ್ಮ ಕಡೆಯ ಮಟ್ಟಿಗೆ ದೊಡ್ಡ ಪ್ರಶ್ನೆ. ಆವಿಯಾಗುವುದು ನೀರು ಮಾತ್ರ, ಲವಣವೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 800 ಇರುವ ಬೋರ್‌ವೆಲ್ ನೀರನ್ನು ದಿನಕ್ಕೆ 3.3 ಲೀಟರ್ ಸೇರಿಸುತ್ತಾ ಹೋದರೆ ವರ್ಷಕ್ಕೆ 1,200 ಲೀಟರ್. ಅದರೊಂದಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಲವಣ ತೊಟ್ಟಿಗೆ ಬಿತ್ತು. ವಾರ ವಾರ ನೀರು ಬದಲಿಸಿದರೆ ಅದರಲ್ಲಿ ಒಂದು ಪಾಲು ಹೋಗುತ್ತದೆ, ಎಲ್ಲವೂ ಅಲ್ಲ. ಆವಿಯಾದಷ್ಟಕ್ಕೆ ಆರ್‌ಒ ನೀರನ್ನೇ ಸೇರಿಸಿ. ಆರ್‌ಒ ಯಂತ್ರ ಹೊರಹಾಕುವ ಪೈಪಿನ ನೀರಲ್ಲ, ಕುಡಿಯುವ ನೀರು. ಮೊದಲ ಮಳೆ ಬಿಟ್ಟು ಹಿಡಿದ ಚಾವಣಿ ನೀರೂ ಆದೀತು. ನೀರು ಬದಲಿಸುವಾಗ, ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನಲ್ಲಿ ನೀರು ಸಿಗುವವರು ಕ್ಲೋರಿನ್ ತೆಗೆದು ಅದನ್ನು ಬಳಸಿದರೆ ಬೋರ್‌ವೆಲ್ ನೀರಿಗಿಂತ ಮೇಲು.

ತೊಟ್ಟಿಯನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಕೈ ತೂರುವಷ್ಟು, ಐದಾರು ಇಂಚು ಜಾಗ ಬಿಡಿ. ಸ್ಟ್ಯಾಂಡಿಗೆ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಬೇಡವೇ ಬೇಡ. ಕಬ್ಬಿಣದ ಚೌಕಟ್ಟು ಮಾಡಿಸಿ, ಮೇಲೆ ಐಎಸ್ 710 ಮುದ್ರೆಯ ಮೆರೈನ್ ಪ್ಲೈ ಹಾಕಿಸಿ, ಕತ್ತರಿಸಿದ ಅಂಚಿಗೆಲ್ಲ ಬಣ್ಣ ಹೊಡೆಸಿ. ವೈರು ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಬಳುಕಿ ಮೇಲೇರಬೇಕು, ಹನಿ ಅಲ್ಲೇ ಬಿದ್ದುಹೋಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡನ್ನು ಸ್ಟ್ಯಾಂಡಿನೊಳಗೆ ನೆಲದ ಮೇಲಿಡುವ ಚಾಳಿ ಬಿಡಿ. ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಇರಲೇಬೇಕು.

ಎಲ್ಲ ಮುಗಿದ ಮೇಲೆ ಟೇಪ್ ಅಂಟಿಸಿ ಮತ್ತೊಂದು ವಾರ ಕಾಯಿರಿ. ಮೊದಲು 21 ಮಿಲಿಮೀಟರ್ ಇಳಿದಿದ್ದ ತೊಟ್ಟಿ ಈಗ ಐದಾರಕ್ಕೆ ನಿಲ್ಲಬೇಕು. ಹತ್ತರ ಮೇಲಿದ್ದರೆ ಹಿಂಬದಿಯ ಪೈಪಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ಸಂದಿ ಒಂದಿಂಚಿಗಿಂತ ದೊಡ್ಡದಾಗಿದ್ದರೆ ಅಲ್ಲಿಗೆ ಫಿಲ್ಟರಿನ ಒರಟು ಸ್ಪಂಜನ್ನು ಕತ್ತರಿಸಿ ತುರುಕಿ. ಗಾಳಿ ಆಡುತ್ತದೆ, ಹಬೆ ನಿಲ್ಲುತ್ತದೆ.

— ಅಕ್ವೇರಿಯಂ ಕಟ್ಟುವ ಕೆಲಸದವರು, ತುಮಕೂರು